ರಾಜಿ ಪತ್ರದಲ್ಲಿ ಬರೆಯದ ಮಾತು

(ಕಾನೂನು ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಮಂತ್ರಿಗಳು ರಾಜೀನಾಮೆ ಕೊಟ್ಟರು, ಕೊಡುವರು, ಕೊಡಲಾರರು ಎಂದು ದಿನಬೆಳಗಾದರೆ ಪತ್ರಿಕೆಯಲ್ಲಿ ಓದುತ್ತೇವೆ. ಆ ಶಬ್ದ ನಮಗೆ ಬಂದದ್ದು ಫಾರಸಿಯಿಂದ. 'ರಾಜಿ' ಎಂದರೆ ಒಪ್ಪಿದವನು, 'ನಾಮೆ' ಎಂದರೆ ಪತ್ರ. ಹಿಂದಿನ ಕಚೇರಿಗಳಲ್ಲಿ ರಾಜೀನಾಮೆ ಎಂದರೆ ವಾದಿ ಪ್ರತಿವಾದಿಗಳು ಒಪ್ಪಿಕೊಂಡು ಬರೆದುಕೊಟ್ಟ ಪತ್ರ. ಮುಂಬಯಿ ಪ್ರಾಂತದ ಕಂದಾಯದ ಕಾಗದಗಳಲ್ಲಿ ರೈತ ತನ್ನ ಜಮೀನಿನ ಹಕ್ಕನ್ನು ಬಿಟ್ಟುಕೊಡುವ ಪತ್ರಕ್ಕೂ ಅದೇ ಹೆಸರಿತ್ತು. ಬಿಟ್ಟುಕೊಡುವ ಅರ್ಥವೇ ಬಲಿತು ಶಬ್ದವು ಹುದ್ದೆ ಬಿಡುವುದಕ್ಕೆ ನಿಂತಿತು. ಒಪ್ಪಂದದ ಅರ್ಥಕ್ಕೆ ಬರಿಯ 'ರಾಜಿ' ಉಳಿಯಿತು. ಒಪ್ಪುವುದು, ಬಿಟ್ಟುಕೊಡುವುದು ಎರಡೂ ಒಂದು ಕಾಲಕ್ಕೆ ಒಂದೇ ಶಬ್ದದಲ್ಲಿದ್ದವು ಎಂಬುದನ್ನು ದಯವಿಟ್ಟು ನೆನಪಿಡಿ. ಇಂದಿನ ನನ್ನ ಮಾತಿಗೆ ಅದು ಬೇಕಾಗುತ್ತದೆ.

ಬಹಳ ವರ್ಷಗಳ ಹಿಂದಿನ ಮಾತು. ಲೋಕ ಅದಾಲತ್ತಿನಲ್ಲಿ ನಾನೊಂದು ಮೋಟಾರು ಅಪಘಾತದ ಅರ್ಜಿಯನ್ನು ರಾಜಿ ಮಾಡಿಸಿದ್ದೆ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಕೂಲಿಯವನಿಗೆ ಲಾರಿ ಬಡಿದು ಅವನು ಅಲ್ಲೇ ತೀರಿಕೊಂಡಿದ್ದ. ಅರ್ಜಿದಾರಳು ಅವನ ಹೆಂಡತಿ. ವಿಮಾ ಕಂಪನಿಯ ವಕೀಲರು ಹೇಳಿದ ಮೊತ್ತವನ್ನು ನಾನು ಒಂದಿಷ್ಟು ಮೇಲೆಳೆದೆ, ಅವರು ಒಂದಿಷ್ಟು ಕೆಳಗೆಳೆದರು, ನಡುವೆ ಎಲ್ಲೋ ನಿಂತಿತು. ಮೊತ್ತ ಕೆಟ್ಟದ್ದೇನಲ್ಲ. ಕಾಗದ ಮುಂದಿಟ್ಟು ಹೆಬ್ಬೆಟ್ಟು ಒತ್ತಲು ಹೇಳಿದಾಗ ಆಕೆ ಕೇಳಿದಳು: "ಸ್ವಾಮಿ, ತಪ್ಪು ಲಾರಿಯವನದು ಅಂತ ಇದರಲ್ಲಿ ಬರೆದವ್ರಾ?"

ಬರೆದಿರಲಿಲ್ಲ. 'ಪೂರ್ಣ ಮತ್ತು ಅಂತಿಮ ಪರಿಹಾರವಾಗಿ' ಇಷ್ಟು ರೂಪಾಯಿ ಎಂದು ಬರೆದಿತ್ತು. "ಅದೆಲ್ಲ ಬರೆಯಲ್ಲ ತಾಯಿ, ದುಡ್ಡು ಬರ್ತದಲ್ಲ" ಎಂದೆ. ಆಕೆಗೆ ಸಮಾಧಾನವಾಗಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ಗಂಡ ಕುಡಿದು ಅಡ್ಡ ಬಂದ ಎಂದು ಊರಿನಲ್ಲಿ ಮಾತಾಗಿತ್ತು. ಅವನು ಕುಡಿಯುವವನೇ ಅಲ್ಲ. ಆ ಮಾತು ಸುಳ್ಳೆಂದು ಸರ್ಕಾರದ ಯಾವುದಾದರೂ ಕಾಗದದಲ್ಲಿ ಬರಬೇಕು ಎಂಬುದಷ್ಟೇ ಆಕೆಯ ಆಸೆ.

'ಗೆದ್ದವ ಸೋತ, ಸೋತವ ಸತ್ತ' ಎಂದು ಕೋರ್ಟಿನ ಬಗ್ಗೆ ನಮ್ಮ ಹಿರಿಯರು ಹೇಳಿದ್ದಾರೆ. ಆದ್ದರಿಂದ ರಾಜಿಯ ಬಗ್ಗೆ ನಮಗೆ ಗೌರವ. ಅದು ತಪ್ಪಲ್ಲ. ಆದರೆ ದೇಹಕ್ಕೆ ಪೆಟ್ಟಾದಾಗ, ಚಿಕಿತ್ಸೆಯಲ್ಲಿ ಎಡವಟ್ಟಾಗಿ ಜೀವ ಹೋದಾಗ ಆಗುವ ರಾಜಿಯಲ್ಲಿ ಹಣ ಒಂದು ಕಡೆಯಿಂದ ಬಂದರೆ, ಇನ್ನೊಂದು ಕಡೆಯಿಂದ ಏನೋ ಹೋಗುತ್ತದೆ. ಹೋಗುವುದೇನು ಎಂದು ತಿಳಿಯಬೇಕಾದರೆ ಈ ರಾಜಿ ಒಂದು ದೊಡ್ಡ ಕಸುಬಾಗಿ ಬೆಳೆದ ಅಮೆರಿಕಕ್ಕೆ ಹೋಗಬೇಕು.

ಅಲ್ಲಿ ಪೆಟ್ಟು ತಿಂದವನು ವಕೀಲರ ಕಚೇರಿಗೆ ಬರಿಗೈಯಲ್ಲಿ ಹೋಗಬಹುದು. ಗೆದ್ದರೆ ಬಂದ ಹಣದಲ್ಲಿ ವಕೀಲರಿಗೆ ಪಾಲು, ಸಾಮಾನ್ಯವಾಗಿ ಮೂರರಲ್ಲೊಂದು ಭಾಗ. ಸೋತರೆ ವಕೀಲರಿಗೆ ಫೀಸಿಲ್ಲ. ನಮ್ಮಲ್ಲಿ ಇದು ನಿಷಿದ್ಧ. ಫಲಿತಾಂಶಕ್ಕೆ ಗಂಟು ಹಾಕಿ ಫೀಸು ಗೊತ್ತು ಮಾಡಕೂಡದು ಎಂದು ವಕೀಲರ ಪರಿಷತ್ತಿನ ನಿಯಮವೇ ಇದೆ. (ನಿಯಮ ಇದೆ ಎಂದೆ, ಅಷ್ಟೇ. ಸಭೆಯಲ್ಲಿರುವ ಹಿರಿಯ ವಕೀಲರು ನಗುತ್ತಿರುವುದು ನನಗೆ ಕಾಣಿಸುತ್ತಿದೆ.) ಇಂಗ್ಲೆಂಡು ಕೂಡ ಇದನ್ನು ಬಹುಕಾಲ ಅಪರಾಧದಂತೆ ನೋಡಿತು. ಆದರೆ ಅಮೆರಿಕದ ಗಣಿಗಳಲ್ಲಿ, ರೈಲಿನಡಿಯಲ್ಲಿ, ಕಾರ್ಖಾನೆಗಳಲ್ಲಿ ಕೈಕಾಲು ಕಳೆದುಕೊಂಡ ವಲಸೆಗಾರ ಕೂಲಿಗೆ ಕೋರ್ಟಿನ ಬಾಗಿಲು ತೆರೆದದ್ದು ಈ ಪಾಲುಗಾರಿಕೆಯೇ. ಅದಿಲ್ಲದಿದ್ದರೆ ಅವನು ರೈಲು ಕಂಪನಿಯ ಮೇಲೆ ದಾವೆ ಹೂಡುವ ಮಾತೇ ಇರಲಿಲ್ಲ.

ವಕೀಲರು ಜಾಹೀರಾತು ಕೊಡುವುದು ಅಲ್ಲಿಯೂ ನಿಷಿದ್ಧವಾಗಿತ್ತು. 1976ರಲ್ಲಿ ಅರಿಝೋನಾದ ಇಬ್ಬರು ಯುವ ವಕೀಲರು ತಮ್ಮ ಫೀಸಿನ ದರಪಟ್ಟಿಯನ್ನು ಪತ್ರಿಕೆಯಲ್ಲಿ ಹಾಕಿಸಿದರು. ಶಿಸ್ತುಕ್ರಮ ಎದುರಾಯಿತು, ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು, 1977ರಲ್ಲಿ ವಕೀಲರು ಗೆದ್ದರು. ಆಮೇಲೆ ಬಸ್ಸಿನ ಬೆನ್ನಿನ ಮೇಲೆ, ಹೆದ್ದಾರಿಯ ಫಲಕಗಳ ಮೇಲೆ, ಟಿವಿಯಲ್ಲಿ ವಕೀಲರ ಮುಖಗಳು ಬಂದವು. 'ನಿಮಗೆ ಪೆಟ್ಟಾಗಿದೆಯೆ?' ಎಂಬ ಪ್ರಶ್ನೆ, ಕೆಳಗೆ ಫೋನ್ ನಂಬರು. ಇಂಥ ಕಚೇರಿಗಳು ತಾವು ಕೊಡಿಸಿದ ಮೊತ್ತಗಳ ಪಟ್ಟಿಯನ್ನು ಪ್ರಕಟಿಸುವುದೂ ವಾಡಿಕೆ: ಹೆರಿಗೆಯಲ್ಲಿ ಮಗುವಿನ ಮೆದುಳಿಗೆ ಪೆಟ್ಟು, ಇಷ್ಟು ಲಕ್ಷ ಡಾಲರ್. ತಡವಾಗಿ ಗೊತ್ತಾದ ಕ್ಯಾನ್ಸರ್, ಇಷ್ಟು. ಟ್ರಕ್ಕು ಗುದ್ದಿ ಬೆನ್ನುಹುರಿ ತುಂಡಾದದ್ದು, ಇಷ್ಟು. ಎಷ್ಟೋ ಸಾಲುಗಳಲ್ಲಿ ಆಸ್ಪತ್ರೆಯ ಹೆಸರಿಲ್ಲ, ವೈದ್ಯರ ಹೆಸರಿಲ್ಲ, ಊರಿನ ಹೆಸರೂ ಇಲ್ಲ. ಪೆಟ್ಟು ಮತ್ತು ಅದರ ಬೆಲೆ ಎರಡೇ.

ಇದು ವಕೀಲರ ನಾಚಿಕೆಯಿಂದ ಆದದ್ದಲ್ಲ. ಅಲ್ಲಿಯ ಸಿವಿಲ್ ಮೊಕದ್ದಮೆಗಳಲ್ಲಿ ವಿಚಾರಣೆ ಮುಗಿದು ತೀರ್ಪಿನವರೆಗೆ ಹೋಗುವುದು ಬಹಳ ಸಣ್ಣ ಪಾಲು. ಉಳಿದವುಗಳಲ್ಲಿ ಹೆಚ್ಚಿನವು ಮೊದಲೇ ರಾಜಿಯಾಗುತ್ತವೆ. ವಿಚಾರಣೆಗೆ ಮುಂಚೆ ಎರಡೂ ಪಕ್ಷದವರು ತಮ್ಮ ಕಾಗದಪತ್ರಗಳನ್ನು ಪರಸ್ಪರ ತೋರಿಸಬೇಕು, ಸಾಕ್ಷಿಗಳ ಹೇಳಿಕೆ ಕೊಡಬೇಕು. ಅಷ್ಟಾಗುವಾಗಲೇ ಯಾರ ಕೈಯಲ್ಲಿ ಏನಿದೆ ಎಂದು ಇಬ್ಬರಿಗೂ ಗೊತ್ತಾಗುತ್ತದೆ. ಆಮೇಲೆ ಹನ್ನೆರಡು ಮಂದಿ ಸಾಮಾನ್ಯರ ಜ್ಯೂರಿಯ ಮುಂದೆ ಹೋಗುವುದೆಂದರೆ ಜೂಜು. ಕಂಪನಿಗೆ ಕೋಟಿಯ ಹೆದರಿಕೆ, ರೋಗಿಗೆ ಸೊನ್ನೆಯ ಹೆದರಿಕೆ. ಇಬ್ಬರ ಹೆದರಿಕೆಯೂ ಸೇರಿದ ಜಾಗದಲ್ಲಿ ರಾಜಿ. ರಾಜಿಪತ್ರದಲ್ಲಿ ಮಾಮೂಲಾಗಿ ಬರುವ ಎರಡು ಷರತ್ತುಗಳಿವೆ. ಹಣ ಕೊಟ್ಟ ಮಾತ್ರಕ್ಕೆ ತಪ್ಪೊಪ್ಪಿದಂತಲ್ಲ ಎಂಬುದು ಒಂದು. ಈ ವಿಷಯ ಯಾರಿಗೂ ಹೇಳಕೂಡದು ಎಂಬುದು ಇನ್ನೊಂದು.

ಕಾಫಿಯ ಮೊಕದ್ದಮೆಯನ್ನು ನೀವು ಕೇಳಿರುತ್ತೀರಿ. ಕಾಫಿ ಚೆಲ್ಲಿಕೊಂಡ ಮುದುಕಿಗೆ ಲಕ್ಷಾಂತರ ಡಾಲರ್ ಸಿಕ್ಕಿತಂತೆ ಎಂದು ಅಮೆರಿಕನ್ನರ ವ್ಯಾಜ್ಯದ ಚಟಕ್ಕೆ ಉದಾಹರಣೆಯಾಗಿ ನಮ್ಮಲ್ಲೂ ನಗೆಯಾಡಿದ್ದಾರೆ. ನಡೆದದ್ದು ಹೀಗೆ. 1992ರ ಫೆಬ್ರವರಿಯಲ್ಲಿ ಆಲ್ಬುಕರ್ಕಿ ನಗರದಲ್ಲಿ 79 ವರ್ಷದ ವೃದ್ಧೆಯೊಬ್ಬರು ಮೊಮ್ಮಗನ ಕಾರಿನಲ್ಲಿ ಕುಳಿತು ಮೆಕ್‌ಡೊನಾಲ್ಡ್ಸ್‌ನಿಂದ 49 ಸೆಂಟಿನ ಕಾಫಿ ಕೊಂಡರು. ಕಾರು ನಿಂತಿತ್ತು. ಸಕ್ಕರೆ ಹಾಕಲು ಲೋಟವನ್ನು ಮೊಣಕಾಲುಗಳ ನಡುವೆ ಇಟ್ಟು ಮುಚ್ಚಳ ತೆಗೆದಾಗ ಅದು ಮಗುಚಿತು. ಆ ಕಂಪನಿ ಕಾಫಿಯನ್ನು 82ರಿಂದ 88 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕೊಡುತ್ತಿತ್ತು. ನಮ್ಮ ಹೋಟೆಲುಗಳಲ್ಲಿ ಲೋಟದಿಂದ ಬಟ್ಟಲಿಗೆ ಎರಡು ಸಲ ಎತ್ತಿ ಹುಯ್ದು ಕುಡಿಯುವವರಿಗೆ ಇದು ಎಂಥ ಬಿಸಿಯೆಂದು ತಟ್ಟನೆ ಹೊಳೆಯಲಿಕ್ಕಿಲ್ಲ. ತೊಡೆಯ ಚರ್ಮ ಒಳಪದರದವರೆಗೆ ಬೆಂದುಹೋಯಿತು. ಎಂಟು ದಿನ ಆಸ್ಪತ್ರೆ, ಚರ್ಮ ಕಸಿ. ಆಕೆ ಕೇಳಿದ್ದು 20 ಸಾವಿರ ಡಾಲರ್. ಕಂಪನಿ ಕೊಡುತ್ತೇನೆಂದದ್ದು 800.

ಮೊಕದ್ದಮೆ ನಡೆದಾಗ ಕಂಪನಿಯ ಕಡತಗಳಿಂದಲೇ ಒಂದು ಸಂಗತಿ ಹೊರಬಿತ್ತು. ಹತ್ತು ವರ್ಷಗಳಲ್ಲಿ ಇದೇ ಕಾಫಿಯಿಂದ ಸುಟ್ಟುಕೊಂಡವರ 700ಕ್ಕೂ ಹೆಚ್ಚು ದೂರುಗಳು ಬಂದಿದ್ದವು. ಕೆಲವಕ್ಕೆ ಹಣ ಕೊಟ್ಟು ಮುಗಿಸಿದ್ದರು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಬಿಸಿ ಮಾತ್ರ ಇಳಿದಿರಲಿಲ್ಲ. 1994ರ ಆಗಸ್ಟಿನಲ್ಲಿ ಜ್ಯೂರಿ ಪೆಟ್ಟಿಗೆ ಎರಡು ಲಕ್ಷ ಡಾಲರ್ ಎಂದಿತು. ಆಕೆಯದೂ ನೂರಕ್ಕೆ ಇಪ್ಪತ್ತು ಪಾಲು ತಪ್ಪಿದೆಯೆಂದು ಅದನ್ನು 1,60,000ಕ್ಕೆ ಇಳಿಸಿತು. ಮೇಲೆ ಕಂಪನಿಗೆ ದಂಡವಾಗಿ 27 ಲಕ್ಷ ವಿಧಿಸಿತು, ಸುಮಾರು ಎರಡು ದಿನದ ಕಾಫಿ ವ್ಯಾಪಾರ. ನ್ಯಾಯಾಧೀಶರು ದಂಡವನ್ನು 4,80,000ಕ್ಕೆ ಕತ್ತರಿಸಿದರು. ಆಮೇಲೆ ಎರಡು ಪಕ್ಷದವರೂ ಗುಟ್ಟಾಗಿ ರಾಜಿಯಾದರು. ಜಗತ್ತಿಗೆಲ್ಲ ತಿಳಿದ ಮೊಕದ್ದಮೆಯಲ್ಲಿ ಕೊನೆಗೆ ಕೈಗೆ ಬಂದ ಮೊತ್ತ ಎಷ್ಟೆಂಬುದು ಹೊರಗೆ ಬರಲಿಲ್ಲ. ಆದರೂ ತೀರ್ಪಿನ ತನಕ ಹೋದದ್ದರಿಂದ ಆ 700 ದೂರುಗಳ ವಿಷಯ ಹೊರಬಂದಿತಲ್ಲ, ಅದು ದೊಡ್ಡದು.

ಕಾಫಿಯ ಕತೆಯಲ್ಲಿ ಸುಟ್ಟ ಚರ್ಮವಾದರೂ ಕಣ್ಣಿಗೆ ಕಾಣುತ್ತದೆ. ಕಾಣದ ಪೆಟ್ಟಿನ ಒಂದು ಕತೆ ಇದೆ. ನಾನು ಇಲ್ಲಿಗೆ ಬಂದದ್ದೇ ಅದನ್ನು ಹೇಳಲು.

ಆಸ್ಬೆಸ್ಟಾಸಿಗೆ ಕನ್ನಡದಲ್ಲಿ ಕಲ್ನಾರು ಎಂಬ ಅಂದವಾದ ಹೆಸರಿದೆ. ನೆಲದಿಂದ ತೆಗೆದ ಕಲ್ಲು, ಬಿಡಿಸಿದರೆ ಹತ್ತಿಯಂಥ ನಾರು. ಬೆಂಕಿಗೆ ಜಗ್ಗುವುದಿಲ್ಲ. ಉಗಿಯಂತ್ರದ ಕೊಳವೆಗೆ ಸುತ್ತಿದರು, ಹಡಗಿಗೆ ಬಳಿದರು, ಬ್ರೇಕಿಗೆ ಹಾಕಿದರು, ಸಿಮೆಂಟಿನೊಡನೆ ಕಲಸಿ ಮಾಡಿನ ಶೀಟು ಮಾಡಿದರು. ನಮ್ಮಲ್ಲಿ ಎಷ್ಟು ಶಾಲೆ, ಎಷ್ಟು ಕೊಟ್ಟಿಗೆ, ಎಷ್ಟು ಬಸ್ ನಿಲ್ದಾಣಗಳ ಮೇಲೆ ಆ ಅಲೆಅಲೆಯ ಬೂದು ಶೀಟು ಇತ್ತೋ ಲೆಕ್ಕವಿಲ್ಲ. ನಾನು ಮಗ್ಗಿ ಕಲಿತದ್ದು ಅದರ ಕೆಳಗೇ. ಮಳೆ ಬಂದರೆ ಮೇಷ್ಟರ ಮಾತು ಕೇಳಿಸುತ್ತಿರಲಿಲ್ಲ.

ಈ ನಾರಿನ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಶ್ವಾಸಕೋಶ ಗಟ್ಟಿಯಾಗುತ್ತ ಹೋಗುತ್ತದೆ, ಕ್ಯಾನ್ಸರೂ ಬರಬಹುದು. ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಕಳೆದ ಮೇಲೆ ರೋಗ ಕಾಣಿಸಿಕೊಳ್ಳುವುದುಂಟು. 1924ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಕಲ್ನಾರು ನೂಲುತ್ತಿದ್ದ 33 ವರ್ಷದ ಹೆಂಗಸೊಬ್ಬಳು ಸತ್ತಾಗ ವೈದ್ಯರು ಆಕೆಯ ಶ್ವಾಸಕೋಶವನ್ನು ಪರೀಕ್ಷಿಸಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1930ರಲ್ಲಿ ಸರ್ಕಾರಿ ವರದಿ ಬಂತು, 1931ರಲ್ಲಿ ಇಂಗ್ಲೆಂಡು ಧೂಳಿನ ನಿಯಂತ್ರಣಕ್ಕೆ ನಿಯಮ ಮಾಡಿತು. ಅಂದರೆ ವಿಷಯ ತಿಳಿದಿತ್ತು. ಅದು ಎಲ್ಲಿಯವರೆಗೆ ತಲುಪಬೇಕು ಎಂಬುದಷ್ಟೇ ಪ್ರಶ್ನೆ.

ಅಮೆರಿಕದಲ್ಲಿ ಈ ಉದ್ಯಮದ ದೊಡ್ಡಣ್ಣ ಜಾನ್ಸ್-ಮ್ಯಾನ್‌ವಿಲ್ ಕಂಪನಿ. ನ್ಯೂ ಜೆರ್ಸಿಯಲ್ಲಿ ಅದರ ಕಾರ್ಖಾನೆಯಿದ್ದ ಊರಿಗೆ ಹೆಸರೇ ಮ್ಯಾನ್‌ವಿಲ್. ಅಲ್ಲಿ ಧೂಳು ಕುಡಿದು ಉಸಿರು ಕಟ್ಟಿದ ಹನ್ನೊಂದು ಮಂದಿ ಒಬ್ಬ ವಕೀಲರನ್ನು ಹಿಡಿದು ಕಂಪನಿಯ ಮೇಲೆ ದಾವೆ ಹೂಡಿದ್ದರು. 1933ರಲ್ಲಿ ಕಂಪನಿಯ ಆಡಳಿತ ಮಂಡಳಿ ಈ ಹನ್ನೊಂದೂ ದಾವೆಗಳನ್ನು ಒಟ್ಟು 30 ಸಾವಿರ ಡಾಲರಿಗೆ ರಾಜಿ ಮಾಡಿಕೊಳ್ಳಲು ಒಪ್ಪಿತು. ಒಬ್ಬೊಬ್ಬರಿಗೆ ಮೂರು ಸಾವಿರಕ್ಕೂ ಕಡಿಮೆ, ಅದರಲ್ಲೇ ವಕೀಲರ ಪಾಲು. ಆರ್ಥಿಕ ಮುಗ್ಗಟ್ಟಿನ ಉತ್ತುಂಗದ ವರ್ಷ ಅದು. ಕೆಲಸವಿಲ್ಲದೆ ಕೆಮ್ಮುತ್ತ ಕುಳಿತವನಿಗೆ ಅಷ್ಟಾದರೂ ಬಂತಲ್ಲ ಎನಿಸಿದ್ದರೆ ಅವನನ್ನು ದೂರಲಾಗದು.

ಆದರೆ ಒಂದು ಷರತ್ತು ಇತ್ತು. ಇನ್ನು ಮುಂದೆ ಈ ಕಂಪನಿಯ ಮೇಲೆ ಇಂಥ ಹೊಸ ದಾವೆ ಹೂಡುವುದರಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ತಾನು ಭಾಗವಹಿಸುವುದಿಲ್ಲ ಎಂದು ಆ ವಕೀಲರು ಬರೆದುಕೊಡಬೇಕು. ಮಂಡಳಿಯ ನಡಾವಳಿಯಲ್ಲಿ ಇದು ದಾಖಲಾಯಿತು.

ಇದನ್ನು ಸ್ವಲ್ಪ ಬಿಡಿಸಿ ನೋಡಿ. ಕಂಪನಿಯು ಹನ್ನೊಂದು ಶ್ವಾಸಕೋಶಗಳಿಗೆ ಬೆಲೆ ಕಟ್ಟಿತು, ಸರಿ. ಅದರ ಜೊತೆಗೆ ಆ ಸೀಮೆಯಲ್ಲಿ ಈ ರೋಗದ ವ್ಯಾಜ್ಯವನ್ನು ಬಲ್ಲ ಒಬ್ಬ ಮನುಷ್ಯನನ್ನೂ ಕೊಂಡಿತು. ಯಾವ ವೈದ್ಯರನ್ನು ಕರೆಯಬೇಕು, ಯಾವ ಕಾಗದ ಕೇಳಬೇಕು ಎಂದು ಅಷ್ಟು ಹೊತ್ತಿಗೆ ಅವರು ಕಲಿತಿದ್ದರು. ಹನ್ನೆರಡನೆಯ ಕೂಲಿ ಬಂದು ಬಾಗಿಲು ತಟ್ಟಿದರೆ ಅವರು ಏನೆನ್ನಬೇಕು? ಹನ್ನೊಂದು ಮಂದಿಯ ಸಹಿ ಇವನಿಗೂ ಅನ್ವಯಿಸಿತು. ಇವನನ್ನು ಕೇಳಿದವರು ಯಾರೂ ಇಲ್ಲ.

ವಕೀಲರನ್ನು ಬೈಯುವುದು ಸುಲಭ. ನಾನೂ ಆ ಕಸುಬಿನವನು, ಆ ಕುರ್ಚಿಯಲ್ಲಿ ಕೂತು ಯೋಚಿಸಿದ್ದೇನೆ. ಎದುರಿಗೆ ಹನ್ನೊಂದು ಕುಟುಂಬ. ಅವರಿಗೆ ಹಣ ಕೊಡಿಸುವುದು ನನ್ನ ಧರ್ಮ. ನಾನು ಈ ಷರತ್ತಿಗೆ ಒಪ್ಪದಿದ್ದರೆ ಅವರಿಗೆ ಬರುವುದೂ ತಪ್ಪಬಹುದು. ಮುಂದೆ ಬರಬಹುದಾದ ಹನ್ನೆರಡನೆಯವನು ಇವತ್ತಿಗೆ ನನ್ನ ಕಕ್ಷಿದಾರನೇ ಅಲ್ಲ. ಲೆಕ್ಕ ಹಾಕಿದರೆ ಸಹಿ ಹಾಕುವುದೇ ಸರಿ ಎನಿಸುತ್ತದೆ. ಕೆಟ್ಟ ಕೆಲಸವೊಂದು ಧರ್ಮದ ವೇಷದಲ್ಲೇ ಎದುರಿಗೆ ಬಂದು ನಿಂತಾಗ ಆಗುವ ಫಜೀತಿ ಇದು. 1969ರಲ್ಲಿ ಅಮೆರಿಕದ ವಕೀಲರ ಸಂಘ ತನ್ನ ವೃತ್ತಿಸಂಹಿತೆಯಲ್ಲಿ ಇಂಥ ಷರತ್ತನ್ನೇ ನಿಷೇಧಿಸಿತು. ಮುಂದೆ ವಕಾಲತ್ತು ಮಾಡುವ ಹಕ್ಕನ್ನು ಕಟ್ಟಿಹಾಕುವ ರಾಜಿಗೆ ವಕೀಲ ಒಪ್ಪಕೂಡದು ಎಂದು. ಹಾಗೆ ನಿಷೇಧಿಸಿದ್ದರಿಂದ ವಕೀಲನಿಗೂ ಅನುಕೂಲವಾಯಿತು. ಕಂಪನಿ ಕೇಳಿದರೆ 'ಕ್ಷಮಿಸಿ, ನಿಯಮವಿಲ್ಲ' ಎನ್ನಬಹುದು.

1933ರಿಂದ ಮುಂದೇನಾಯಿತು? 1935ರಲ್ಲಿ ಉದ್ಯಮದ ಪತ್ರಿಕೆಯೊಂದು ಈ ರೋಗದ ಬಗ್ಗೆ ಬರೆಯಲು ಅನುಮತಿ ಕೇಳಿದಾಗ, ಮತ್ತೊಂದು ಕಲ್ನಾರು ಕಂಪನಿಯ ಅಧ್ಯಕ್ಷರು ಜಾನ್ಸ್-ಮ್ಯಾನ್‌ವಿಲ್‌ನ ವಕೀಲರಿಗೆ ಕಾಗದ ಬರೆದು, ಇದರ ಬಗ್ಗೆ ಮಾತು ಕಡಿಮೆಯಾದಷ್ಟೂ ನಮಗೆ ಒಳ್ಳೆಯದು ಎಂಬ ಅರ್ಥದ ಮಾತು ಹೇಳಿದರು. ಎರಡನೆಯ ಮಹಾಯುದ್ಧ ಬಂತು. ಹಡಗುಕಟ್ಟೆಗಳಲ್ಲಿ ಲಕ್ಷಗಟ್ಟಲೆ ಗಂಡಸರು ಹೆಂಗಸರು ಈ ನಾರನ್ನು ಕತ್ತರಿಸಿ, ಸುತ್ತಿ, ಬಳಿದರು. ಮೈಮೇಲೆ ಬಿಳಿ ಧೂಳು ಹೊತ್ತು ಮನೆಗೆ ಹೋದರು, ಹೆಂಡತಿಯರು ಬಟ್ಟೆ ಕೊಡವಿ ಒಗೆದರು. 1964ರಲ್ಲಿ ಡಾಕ್ಟರ್ ಇರ್ವಿಂಗ್ ಸೆಲಿಕಾಫ್ ನ್ಯೂಯಾರ್ಕ್ ಕಡೆಯ ಕಾರ್ಮಿಕ ಸಂಘದ 632 ಮಂದಿಯ ದಾಖಲೆ ಹಿಡಿದು ಎಣಿಸಿದಾಗ, ಶ್ವಾಸಕೋಶದ ಕ್ಯಾನ್ಸರಿನಿಂದ ಆರೇಳು ಮಂದಿ ಸಾಯಬಹುದಿದ್ದ ಕಡೆ 45 ಮಂದಿ ಸತ್ತಿದ್ದರು.

ಟೆಕ್ಸಾಸಿನ ಆರೆಂಜ್ ಎಂಬ ಸಣ್ಣ ಊರಿನಲ್ಲಿ ವಾರ್ಡ್ ಸ್ಟೀಫನ್ಸನ್ ಎಂಬ ವಕೀಲರಿದ್ದರು. 1966ರಲ್ಲಿ ಅವರು ಹೂಡಿದ ಮೊದಲ ಕಲ್ನಾರು ದಾವೆ ಸೋತಿತು. 1969ರಲ್ಲಿ ಇನ್ನೊಬ್ಬ ಶಾಖನಿರೋಧಕ ಹೊದಿಕೆಯ ಕೆಲಸಗಾರನ ಪರವಾಗಿ ಎರಡನೆಯದು ಹೂಡಿದರು. ತೀರ್ಪು ಕೇಳಲು ಕಕ್ಷಿದಾರ ಉಳಿಯಲಿಲ್ಲ. ಕೆಲವು ಕಂಪನಿಗಳು ಮೊದಲೇ ರಾಜಿಯಾಗಿ ಹೊರಹೋದವು, ಉಳಿದವುಗಳ ಮೇಲೆ ವಿಚಾರಣೆ ನಡೆಯಿತು. ಜ್ಯೂರಿ ಕಟ್ಟಿದ ಒಟ್ಟು ನಷ್ಟ ಸುಮಾರು 79 ಸಾವಿರ ಡಾಲರ್. ಕಂಪನಿಗಳು ಮೇಲ್ಮನವಿ ಹೋದವು. ಅಪಾಯವನ್ನು ತಿಳಿಯಬೇಕಾದವನು ತಯಾರಕ, ತಿಳಿದದ್ದನ್ನು ಕೆಲಸಗಾರನಿಗೆ ಹೇಳಬೇಕಾದವನೂ ಅವನೇ ಎಂದು 1973ರ ಸೆಪ್ಟೆಂಬರಿನಲ್ಲಿ ಮೇಲಿನ ನ್ಯಾಯಾಲಯ ಹೇಳಿತು. ಆ ತೀರ್ಪು ಹೊರಬೀಳುವುದಕ್ಕೆ ಕೆಲವೇ ದಿನ ಮುಂಚೆ ಸ್ಟೀಫನ್ಸನ್ನರೂ ತೀರಿಕೊಂಡಿದ್ದರು. ಮೊತ್ತ ನೋಡಿದರೆ ಕಾಫಿಯ ಮೊಕದ್ದಮೆಗಿಂತ ಎಷ್ಟೋ ಚಿಕ್ಕದು. ಆದರೆ ತೀರ್ಪು ಎಲ್ಲರೂ ಓದಬಹುದಾದ ಪುಸ್ತಕದಲ್ಲಿ ಅಚ್ಚಾಯಿತು. ಅದನ್ನು ಹಿಡಿದು ಸಾವಿರಾರು ಮಂದಿ ಕೋರ್ಟಿಗೆ ಬಂದರು. 1933ರ ನಡಾವಳಿ, 1935ರ ಕಾಗದ ಎಲ್ಲ ಹೊರಬಂದದ್ದು ಆಮೇಲಿನ ಈ ಮೊಕದ್ದಮೆಗಳಲ್ಲೇ, ನಲವತ್ತಕ್ಕೂ ಹೆಚ್ಚು ವರ್ಷಗಳ ನಂತರ. 1982ರ ಆಗಸ್ಟ್ 26ರಂದು, 16 ಸಾವಿರಕ್ಕೂ ಹೆಚ್ಚು ದಾವೆಗಳು ತಲೆಯ ಮೇಲಿರುವಾಗ, ಮ್ಯಾನ್‌ವಿಲ್ ಕಂಪನಿ ದಿವಾಳಿ ಅರ್ಜಿ ಹಾಕಿತು. ರೋಗಿಗಳಿಗಾಗಿ 1988ರಲ್ಲಿ ಒಂದು ನಿಧಿ ಸ್ಥಾಪನೆಯಾಯಿತು. ಬಂದ ಜನಕ್ಕೆ ಹಣ ಸಾಲದೆ 1995ರ ಹೊತ್ತಿಗೆ ಅದು ಡಾಲರಿಗೆ ಹತ್ತು ಸೆಂಟಿನಂತೆ ಕೊಡುವ ಸ್ಥಿತಿಗೆ ಇಳಿಯಿತು, 2001ರಲ್ಲಿ ಐದಕ್ಕೆ.

ಗುಟ್ಟಿನ ರಾಜಿಯನ್ನು ಹತೋಟಿಗೆ ತರಲು ಅಮೆರಿಕದಲ್ಲಿ ಪ್ರಯತ್ನಗಳಾಗಿವೆ. ಸಾರ್ವಜನಿಕರಿಗೆ ಅಪಾಯವಿರುವ ಸಂಗತಿಯನ್ನು ಕೋರ್ಟಿನ ಆದೇಶದಿಂದಾಗಲಿ ಒಪ್ಪಂದದಿಂದಾಗಲಿ ಮುಚ್ಚಿಡಕೂಡದು ಎಂದು 1990ರಲ್ಲಿ ಫ್ಲಾರಿಡಾ ರಾಜ್ಯ ಕಾನೂನು ಮಾಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವೈದ್ಯರಿಗೆ ಸಂಬಂಧಿಸಿದ ಒಂದು ರಾಷ್ಟ್ರೀಯ ದಾಖಲೆಕೋಶ ಶುರುವಾಯಿತು. ಯಾವುದೇ ವೈದ್ಯರ ಪರವಾಗಿ ನಿರ್ಲಕ್ಷ್ಯದ ದಾವೆಗೆ ಹಣ ಕೊಟ್ಟರೆ, ಅದು ತೀರ್ಪಿನಿಂದಾದರೂ ರಾಜಿಯಿಂದಾದರೂ, ಅಲ್ಲಿ ಬರೆಸಬೇಕು. ಆಸ್ಪತ್ರೆಗಳು ವೈದ್ಯರನ್ನು ನೇಮಿಸಿಕೊಳ್ಳುವಾಗ ಅದನ್ನು ನೋಡಲೇಬೇಕು. ಆದರೆ ವೈದ್ಯರ ಹೆಸರಿನೊಡನೆ ಅದನ್ನು ನೋಡುವ ಅವಕಾಶ ರೋಗಿಗಿಲ್ಲ! ಇದರಿಂದ ಇನ್ನೊಂದು ತಾಪತ್ರಯವೂ ಹುಟ್ಟಿತು. ವಿಮಾ ಕಂಪನಿಗೆ ಅಗ್ಗವಾಗಿ ರಾಜಿ ಮುಗಿದರೆ ಸಾಕು. ತಪ್ಪು ಮಾಡಿಲ್ಲವೆಂದು ನಂಬಿದ ವೈದ್ಯರಿಗೆ ತಮ್ಮ ಹೆಸರು ಆ ಕೋಶಕ್ಕೆ ಹೋಗುವುದು ಬೇಡ. ತೀರ್ಪೇ ಬರಲಿ ಎಂದು ಹಟ ಹಿಡಿಯುವವರು ಕೆಲವೊಮ್ಮೆ ವೈದ್ಯರೇ. ನಮ್ಮ ಕೂಲಿಯವನ ಹೆಂಡತಿಗೂ ಆ ವೈದ್ಯರಿಗೂ ಬೇಕಾದದ್ದು ಒಂದೇ ಅಲ್ಲವೆ?

ಇದಕ್ಕೆ ತೀರ ಬೇರೆಯಾದ ದಾರಿ ಹಿಡಿದವರೂ ಇದ್ದಾರೆ. ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿ ನಿವೃತ್ತ ಸೈನಿಕರ ಸರ್ಕಾರಿ ಆಸ್ಪತ್ರೆಯೊಂದಿದೆ. ಎರಡು ದೊಡ್ಡ ಮೊಕದ್ದಮೆಗಳಲ್ಲಿ ಕೈ ಸುಟ್ಟುಕೊಂಡ ಮೇಲೆ 1987ರಲ್ಲಿ ಅದರ ಮುಖ್ಯಸ್ಥರು ಹೊಸ ಪದ್ಧತಿ ತಂದರು. ತಪ್ಪಾಗಿದ್ದರೆ ರೋಗಿಯನ್ನೋ ಮನೆಯವರನ್ನೋ ತಾವೇ ಕರೆಸಿ, ನಡೆದದ್ದನ್ನು ಹೇಳಿ, ಕ್ಷಮೆ ಕೇಳಿ, ನ್ಯಾಯವಾದ ಪರಿಹಾರ ಕೊಡುವುದು. ಬರುವಾಗ ವಕೀಲರನ್ನೂ ಕರೆತನ್ನಿ ಎಂದು ಹೇಳುವುದು. ಮನೆಯವರಿಗೆ ತಪ್ಪಿನ ಸುಳಿವೇ ಇಲ್ಲದ ಪ್ರಸಂಗದಲ್ಲೂ ಹೀಗೆ ಕರೆಸಿ ಹೇಳಿದ್ದುಂಟು. ಆಸ್ಪತ್ರೆ ಮುಳುಗಿಹೋಗುತ್ತದೆ ಎಂದು ಜನ ತಿಳಿದರು. ಅಲ್ಲಿಯ ವೈದ್ಯರು 1999ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅದೇ ಬಗೆಯ ಇತರ ಆಸ್ಪತ್ರೆಗಳಿಗೆ ಹೋಲಿಸಿದರೆ ಪರಿಹಾರದ ಹೊರೆ ಹೆಚ್ಚೇನೂ ಆಗಿರಲಿಲ್ಲ. ಅಲ್ಲಿಯೂ ರಾಜಿಯೇ ಆಗುತ್ತಿತ್ತು, ಆದರೆ ನಡೆದದ್ದನ್ನು ಹೇಳಿ ಮುಗಿಸಿದ ಮೇಲೆ.

ಇನ್ನು ನಮ್ಮ ಕಡೆಗೆ ಬರೋಣ. ಬರುವ ದಾರಿಯಲ್ಲಿ ಭೋಪಾಲ ಸಿಗುತ್ತದೆ. 1984ರ ಡಿಸೆಂಬರ್ 2ರ ರಾತ್ರಿ ಅನಿಲ ಸೋರಿತು. 7ರಂದು ಅಮೆರಿಕದಲ್ಲಿ ಮೊದಲ ದಾವೆ ದಾಖಲಾಗಿತ್ತು. ಅಲ್ಲಿಯ ವಕೀಲರು ವಿಮಾನ ಹತ್ತಿ ಬಂದು ಬಸ್ತಿಗಳಲ್ಲಿ ವಕಾಲತ್ತು ಪತ್ರಗಳಿಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. 1985ರಲ್ಲಿ ಭಾರತ ಸರ್ಕಾರ ಕಾನೂನು ಮಾಡಿ, ಎಲ್ಲ ಸಂತ್ರಸ್ತರ ಪರವಾಗಿ ವಾದಿಸುವ ಹಕ್ಕನ್ನು ತಾನೇ ವಹಿಸಿಕೊಂಡಿತು. 1986ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಕೀನನ್ ಮೊಕದ್ದಮೆ ನಡೆಯಬೇಕಾದದ್ದು ಭಾರತದಲ್ಲಿ ಎಂದರು. ಸರ್ಕಾರ ಇಲ್ಲಿ ಕೇಳಿದ್ದು ಸುಮಾರು 330 ಕೋಟಿ ಡಾಲರ್. 1989ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟಿನಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಯಾರು ಹೊಣೆ ಎಂಬ ತೀರ್ಮಾನ ಅದರಲ್ಲಿರಲಿಲ್ಲ. ಸಂತ್ರಸ್ತರನ್ನು ಕೇಳಿರಲಿಲ್ಲ. ಸಿವಿಲ್ ದಾವೆಗಳ ಜೊತೆ ಕ್ರಿಮಿನಲ್ ಮೊಕದ್ದಮೆಯನ್ನೂ ಮುಗಿಸಿಬಿಡಲಾಯಿತು. ಆ ಐವರ ಪೀಠದಲ್ಲಿ ಕರ್ನಾಟಕ ಹೈಕೋರ್ಟಿನಿಂದ ಹೋದ ಇಬ್ಬರು ಕನ್ನಡಿಗರಿದ್ದರು, ಇ.ಎಸ್. ವೆಂಕಟರಾಮಯ್ಯ ಮತ್ತು ಎಂ.ಎನ್. ವೆಂಕಟಾಚಲಯ್ಯ. 1991ರ ಅಕ್ಟೋಬರ್ 3ರಂದು ಪುನರ್ವಿಮರ್ಶೆಯ ತೀರ್ಪು ಬರೆದವರು ವೆಂಕಟಾಚಲಯ್ಯನವರೇ. ಮೊತ್ತ ಹಾಗೆಯೇ ಉಳಿಯಿತು, ಕ್ರಿಮಿನಲ್ ಮೊಕದ್ದಮೆಗೆ ಮರುಜೀವ ಬಂತು. ಹೀಗೆ ಉಳಿದುಬಂದ ಮೊಕದ್ದಮೆಯಿಂದಲೇ, 2010ರ ಜೂನ್ 7ರಂದು, ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದರು ಎಂಬ ಮಾತು ಭೋಪಾಲದ ನ್ಯಾಯಾಲಯದ ಕಾಗದದಲ್ಲಿ ಬಂತು. ಶಿಕ್ಷೆ ಎರಡು ವರ್ಷ. ರಾಜಿಯ ಮೊತ್ತ ಹೆಚ್ಚಿಸಬೇಕೆಂದು ಸರ್ಕಾರ ಕೊನೆಯದಾಗಿ ಹಾಕಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2023ರ ಮಾರ್ಚ್ 14ರಂದು ವಜಾ ಮಾಡಿತು.

ಕಲ್ನಾರಿನ ವಿಷಯ ನಮ್ಮ ಸುಪ್ರೀಂ ಕೋರ್ಟಿಗೂ ಹೋಗಿತ್ತು. 1995ರ ಜನವರಿಯಲ್ಲಿ ಅದು ರೋಗ ತಗಲಿದ ಕಾರ್ಮಿಕನಿಗೆ ಒಂದು ಲಕ್ಷ ರೂಪಾಯಿ ಪರಿಹಾರ ಎಂದಿತು. ನನಗೆ ಅದಕ್ಕಿಂತ ಹೆಚ್ಚಿನದಾಗಿ ಕಂಡದ್ದು ಇನ್ನೊಂದು ನಿರ್ದೇಶನ: ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಅವನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಡಬೇಕು. ರೋಗದ ಆಯುಸ್ಸನ್ನು ತಿಳಿದವರು ಬರೆದ ಮಾತು ಅದು. ಎಷ್ಟು ಕಾರ್ಖಾನೆಗಳಲ್ಲಿ ಆ ಕಡತ ಧೂಳಿಲ್ಲದೆ ಇದೆಯೋ ನೀವು ವಕೀಲರಾದ ಮೇಲೆ ಕೇಳಿ ನೋಡಿ.

ಅದೇ ವರ್ಷದ ನವೆಂಬರ್ 13ರಂದು, ಹಣ ಪಡೆದು ಮಾಡುವ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ರೋಗಿಗೆ ಗ್ರಾಹಕ ವೇದಿಕೆಯ ಬಾಗಿಲು ಗಟ್ಟಿಯಾಗಿ ತೆರೆಯಿತು. ಆದರೂ ಎಷ್ಟೋ ಪ್ರಕರಣಗಳು ಆ ಬಾಗಿಲಿನವರೆಗೆ ಬರುವುದೇ ಇಲ್ಲ. ಹೆಣ ಬಿಡಿಸಿಕೊಳ್ಳುವ ಹೊತ್ತಿನಲ್ಲಿ ಬಾಕಿ ಬಿಲ್ಲು ಮನ್ನಾ ಮಾಡಿ, ಕೈಗೊಂದಿಷ್ಟು ಕೊಟ್ಟು, ತಕರಾರಿಲ್ಲ ಎಂದು ಬರೆಸಿಕೊಂಡ ಕಾಗದಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. 2020ರ ಗ್ರಾಹಕ ಮಧ್ಯಸ್ಥಿಕೆ ನಿಯಮಗಳು ಈ ವಿಷಯದಲ್ಲಿ ಎಚ್ಚರ ವಹಿಸಿವೆ. ವೈದ್ಯಕೀಯ ನಿರ್ಲಕ್ಷ್ಯದಿಂದ ಸಾವು ಅಥವಾ ಘೋರ ಗಾಯವಾಗಿದ್ದರೆ ಆ ಪ್ರಕರಣವನ್ನು ಮಧ್ಯಸ್ಥಿಕೆಗೆ ಒಪ್ಪಿಸುವಂತಿಲ್ಲ. ಸಣ್ಣ ಅಚ್ಚಿನಲ್ಲಿರುವ ಈ ಸಾಲನ್ನು ಬರೆದವರಿಗೆ ನನ್ನ ನಮಸ್ಕಾರ.

ಮೋಟಾರು ಅಪಘಾತದ ರಾಜಿಗಳು ಇಷ್ಟು ಗುಟ್ಟಿನವಲ್ಲ. ಲೋಕ ಅದಾಲತ್ತಿನಲ್ಲಿ ಎಲ್ಲರೆದುರು ಆಗುತ್ತವೆ, ಆದೇಶಕ್ಕೆ ಡಿಕ್ರಿಯ ಬಲ ಇದೆ, ಅಪೀಲಿಲ್ಲ, ಹಣ ಬೇಗ ಬರುತ್ತದೆ. ತೀರ್ಪು ಪಡೆದು, ಅಪೀಲು ಗೆದ್ದು, ಕೊನೆಗೆ ಬಸ್ಸು ಜಪ್ತಿ ಮಾಡಿಸಿ ಹಣ ತೆಗೆದುಕೊಂಡವರ ಪಾಡು ಬಲ್ಲವನಾದ್ದರಿಂದ, ನನ್ನ ಕಕ್ಷಿದಾರರಿಗೆ ನಾನು ಇಂದಿಗೂ ರಾಜಿಯನ್ನೇ ಹೇಳುತ್ತೇನೆ. ಆದರೆ ಹೇಳುವ ಮುಂಚೆ, ಹಣದ ಹೊರತಾಗಿ ನಿಮಗೆ ಇನ್ನೇನು ಬೇಕಾಗಿತ್ತು ಎಂದು ಒಂದು ಮಾತು ಕೇಳುತ್ತೇನೆ. ಹಾಗೆ ಕೇಳುವುದನ್ನು ನನಗೆ ಕಲಿಸಿದವಳು ಆ ಕೂಲಿಯವನ ಹೆಂಡತಿ.

ಆಕೆ ಅಂದು ಹೆಬ್ಬೆಟ್ಟು ಒತ್ತಿ ಹೋದಳು. ತಿಂಗಳೊಪ್ಪತ್ತಿನ ಮೇಲೆ ಚೆಕ್ಕು ತೆಗೆದುಕೊಳ್ಳಲು ಬಂದಾಗ ಮತ್ತೆ ಅದೇ ಮಾತು. ಕಡತದಲ್ಲಿ ಪೊಲೀಸರ ದೋಷಾರೋಪಣ ಪಟ್ಟಿಯ ನಕಲು ಇತ್ತು. ಲಾರಿ ಚಾಲಕನ ಹೆಸರು, ಅವನು 'ಅತಿವೇಗ ಮತ್ತು ಅಜಾಗರೂಕತೆಯಿಂದ' ಓಡಿಸಿಕೊಂಡು ಬಂದು ಎಡಬದಿಯಲ್ಲಿ ಹೋಗುತ್ತಿದ್ದ ಸೈಕಲ್ಲಿಗೆ ಗುದ್ದಿದನೆಂಬ ಮಾತು, ಕೆಳಗೆ ಇನ್ಸ್‌ಪೆಕ್ಟರರ ಸಹಿ, ಮೊಹರು. ಅದನ್ನು ಓದಿ ಹೇಳಿದೆ. ಎರಡನೆಯ ಸಲ ಓದಿಸಿಕೊಂಡಳು. ಗುಮಾಸ್ತನನ್ನು ಕಳಿಸಿ ಎದುರಿನ ಅಂಗಡಿಯಲ್ಲಿ ಒಂದು ಜೆರಾಕ್ಸ್ ಮಾಡಿಸಿಕೊಟ್ಟೆ. ಚೆಕ್ಕನ್ನು ಆಕೆ ಜೊತೆಗೆ ಬಂದಿದ್ದ ತಮ್ಮನ ಕೈಗೆ ಕೊಟ್ಟಳು. ಜೆರಾಕ್ಸನ್ನು ನಾಲ್ಕಾಗಿ ಮಡಿಸಿ ತಾನೇ ಇಟ್ಟುಕೊಂಡಳು. "ನಮ್ಮ ಮೈದುನಂಗೆ ಓದಿಸ್ತೀನಿ ಸ್ವಾಮಿ, ಪಂಚಾಯ್ತಿ ಕಟ್ಟೆ ಮೇಲೆ ಗಟ್ಟಿಯಾಗಿ ಓದ್ತಾನೆ" ಎಂದು ಹೇಳಿ ಮೆಟ್ಟಿಲಿಳಿದು ಹೋದಳು.